ಡೂಪ್ಲಿಕೇಟ್ ರಿಮೋಟಿಗೂ ಒಂದು ಚರಿತ್ರೆ

ಮೊನ್ನೆ ಟಿವಿ ರಿಮೋಟ್ ಕೈಕೊಟ್ಟಿತು. ತುಮಕೂರಿನ ಎಂ.ಜಿ. ರಸ್ತೆ ಹತ್ತಿರದ ಅಂಗಡಿಗೆ ಹೋದೆ. "ಕಂಪನಿದು ಸಿಗಲ್ಲ ಸಾರ್, ಡೂಪ್ಲಿಕೇಟ್ ಇದೆ" ಎಂದ ಹುಡುಗ. ಅದನ್ನು ಮೊಬೈಲ್ ಕ್ಯಾಮೆರಾ ಮುಂದೆ ಹಿಡಿದು ಬಟನ್ ಒತ್ತಿದ. ಬರಿಗಣ್ಣಿಗೆ ಕಾಣದ ಬೆಳಕು ಪರದೆ ಮೇಲೆ ನೇರಳೆಯಾಗಿ ಮಿಣುಕಿತು. "ವರ್ಕಿಂಗು" ಎಂದು ಕವರಿಗೆ ಹಾಕಿಕೊಟ್ಟ.

ಇದನ್ನು ಮಾಡಿದವರಿಗೆ ಟಿವಿ ಕಂಪನಿ ತನ್ನ ಗುಟ್ಟು ಹೇಳಿಕೊಟ್ಟಿರಲ್ಲ, ಅಲ್ವಾ? ಹೇಳಬೇಕಾಗಿಯೂ ಇಲ್ಲ. ಎಷ್ಟೋ ರಿಮೋಟ್‌ಗಳು ಜಪಾನಿನ ಎನ್‌ಇಸಿ ಕಂಪನಿಯ ಪದ್ಧತಿಯಲ್ಲೇ ಮಾತಾಡುತ್ತವೆ. ಮೊದಲು 9 ಮಿಲಿಸೆಕೆಂಡ್ ಬೆಳಕು, ಆಮೇಲೆ 4.5 ಮಿಲಿಸೆಕೆಂಡ್ ಕತ್ತಲೆ, ಹಿಂದೆಯೇ 32 ಬಿಟ್, ಅಂದರೆ ಸೊನ್ನೆ-ಒಂದುಗಳ ಸಾಲು. ಯಾವ ಸಾಧನ, ಯಾವ ಬಟನ್ ಎಂಬುದೆಲ್ಲ ಅದರಲ್ಲೇ. ಅಗ್ಗದ ರಿಸೀವರ್ ಒಂದನ್ನು ಎದುರಿಗಿಟ್ಟು, ಒಂದೊಂದೇ ಬಟನ್ ಒತ್ತಿ ಬರೆದುಕೊಂಡರೆ ಮುಗೀತು. ಟಿವಿ ಬಿಚ್ಚೋದೇ ಬೇಡ. ತಯಾರಾದ ವಸ್ತುವಿನಿಂದ ಹಿಂದಕ್ಕೆ ನಡೆದು ಒಳಗುಟ್ಟು ಹಿಡಿಯುವ ಈ ಕೆಲಸಕ್ಕೇ ರಿವರ್ಸ್ ಎಂಜಿನಿಯರಿಂಗ್ ಅನ್ನೋದು.

ನಾವು ಇದನ್ನು ಸುಮ್ನೆ 'ಕಾಪಿ' ಅಂದುಬಿಡುತ್ತೇವೆ. ಎರಡೂ ಒಂದೇ ಅಲ್ಲ. 1981ರಲ್ಲಿ ಐಬಿಎಂ ಪಿಸಿ ತಂದಾಗ ಬಿಡಿಭಾಗಗಳು ಹೆಚ್ಚುಕಮ್ಮಿ ಎಲ್ಲರಿಗೂ ಸಿಗುತ್ತಿದ್ದವು. ಆನ್ ಮಾಡಿದೊಡನೆ ಮೊದಲು ಓಡಿ ಯಂತ್ರವನ್ನು ಎಬ್ಬಿಸುವ 'ಬಯಾಸ್' ಎಂಬ ಪ್ರೋಗ್ರಾಂ ಮಾತ್ರ ಅದರದ್ದೇ. ತಮಾಷೆ ನೋಡಿ, ಅದರ ಕೋಡನ್ನೂ ಐಬಿಎಂ ತನ್ನ ಕೈಪಿಡಿಯಲ್ಲಿ ಅಚ್ಚು ಹಾಕಿತ್ತು. ಓದಬಹುದು, ಹಾಗೇ ನಕಲು ಮಾಡಿದರೆ ಕೇಸು. ಐಬಿಎಂ ಪಿಸಿಗೆ ಹೊಂದುವ ಕಂಪ್ಯೂಟರ್ ಮಾಡಹೊರಟ ಕಾಂಪ್ಯಾಕ್ ಕಂಪನಿ ತನ್ನ ಜನರನ್ನು ಎರಡು ಗುಂಪು ಮಾಡಿತು. ಒಂದು ಗುಂಪು ಕೋಡ್ ಓದಿ, ಅದು ಏನೇನು ಮಾಡುತ್ತದೆ ಅಂತ ಮಾತ್ರ ಬರೆದುಕೊಟ್ಟಿತು. ಆ ಕೋಡಿನ ಮುಖವನ್ನೇ ನೋಡದ ಇನ್ನೊಂದು ಗುಂಪು ಹೊಸದಾಗಿ ಬರೆಯಿತು. 1984ರಲ್ಲಿ ಫೀನಿಕ್ಸ್ ಕಂಪನಿ ಹೀಗೇ ಮಾಡಿದ ಬಯಾಸನ್ನು ಬೇರೆ ಕಂಪನಿಗಳಿಗೂ ಮಾರತೊಡಗಿತು. ನಮ್ಮೂರಿಗೆ ಅಸೆಂಬಲ್ಡ್ ಪಿಸಿ ಬಂದದ್ದು ಆ ದಾರಿಯಲ್ಲೇ.

ರಿಮೋಟ್ ಕೂಡ ಕೋರ್ಟ್ ಮೆಟ್ಟಿಲು ಹತ್ತಿದೆ. ಅಮೆರಿಕದಲ್ಲಿ ಗ್ಯಾರೇಜ್ ಬಾಗಿಲು ತೆರೆಯುವ ಯಂತ್ರ ಮಾಡುವ ಚೇಂಬರ್ಲೇನ್, ಅದಕ್ಕೆ ಒಗ್ಗುವ ರಿಮೋಟ್ ಮಾರಿದ ಸ್ಕೈಲಿಂಕ್ ಮೇಲೆ ದಾವೆ ಹೂಡಿತು. 2004ರಲ್ಲಿ ಮೇಲ್ಮನವಿಯಲ್ಲೂ ಸೋತಿತು. ದುಡ್ಡು ಕೊಟ್ಟು ಕೊಂಡವರು ತಮ್ಮ ಬಾಗಿಲು ತಾವು ತೆರೆದರೆ ತಪ್ಪೇನು ಅನ್ನೋದು ತೀರ್ಪಿನ ತಿರುಳು. ನಮ್ಮ 1957ರ ಹಕ್ಕುಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್ ಕೂಡ ಒಂದು ಕಿಂಡಿ ಬಿಟ್ಟಿದೆ. ಒಂದು ಪ್ರೋಗ್ರಾಂ ಜೊತೆ ಇನ್ನೊಂದು ಹೊಂದಿಕೊಂಡು ಓಡಲು ಬೇಕಾದ ಮಾಹಿತಿ ಬೇರೆ ಕಡೆ ಸುಲಭಕ್ಕೆ ಸಿಗದಿದ್ದರೆ, ನ್ಯಾಯವಾಗಿ ಕೊಂಡವರು ಅದನ್ನು ಬಗೆದು ನೋಡಬಹುದು. ಬೇರೆ ಕಂಪನಿಯ ಹೆಸರು ಅಚ್ಚು ಹಾಕಿ ಮಾರಿದರೆ ಮಾತು ಬೇರೆ, ಅದು ನಕಲಿ ಮಾಲು.

ನನ್ನ ರಿಮೋಟ್ ಮೇಲೆ ಯಾವ ಹೆಸರೂ ಇಲ್ಲ. ಬಟನ್ ಸ್ವಲ್ಪ ಗಟ್ಟಿ, ಮ್ಯೂಟ್ ಮಾತ್ರ ಎರಡು ಸಲ ಒತ್ತಬೇಕು.