ಸಿಂಪಿ ಮರಿಯ ಮೊದಲ ಎರಡು ದಿನ

ಅಮೆರಿಕದ ಒರೆಗಾನ್ ಕರಾವಳಿಯ ನೆಟಾರ್ಟ್ಸ್ ಕೊಲ್ಲಿಯಲ್ಲಿ ವಿಸ್ಕಿ ಕ್ರೀಕ್ ಎಂಬ, ಸಿಂಪಿಯ (ಆಯ್ಸ್ಟರ್) ಮರಿ ಮಾಡಿಸುವ ಕೇಂದ್ರವಿದೆ. 2007ರಲ್ಲಿ ಅಲ್ಲಿನ ತೊಟ್ಟಿಗಳಲ್ಲಿ ಲಾರ್ವಾಗಳು, ಅಂದರೆ ಆಗಷ್ಟೇ ಹುಟ್ಟಿದ ಮರಿಗಳು, ರಾಶಿ ರಾಶಿಯಾಗಿ ಸಾಯತೊಡಗಿದವು. ಮೊದಲ ಅನುಮಾನ ಹೋದದ್ದು ವಿಬ್ರಿಯೊ ಬ್ಯಾಕ್ಟೀರಿಯಾದ ಮೇಲೆ. ನೀರು ಶುದ್ಧಗೊಳಿಸುವ ವ್ಯವಸ್ಥೆ ಬಂತು, ಸಾವು ನಿಲ್ಲಲಿಲ್ಲ. ಗಾಳಿ ಬೀಸಿ ಕಡಲಾಳದ ತಣ್ಣನೆಯ ನೀರು ಮೇಲೆದ್ದು ದಡಕ್ಕೆ ಬಂದಾಗಲೇ ಲಾರ್ವಾಗಳು ಸೊರಗುತ್ತವೆ ಎಂಬುದು ನಿಧಾನವಾಗಿ ಗೊತ್ತಾಯಿತು. ಆ ನೀರಿನಲ್ಲಿ ಇಂಗಾಲದ ಡೈಆಕ್ಸೈಡ್ ವಿಪರೀತ ಇತ್ತು; ಅದು ಕರಗಿದಷ್ಟೂ ನೀರು ಆಮ್ಲದ ಕಡೆಗೆ ವಾಲುತ್ತದೆ. ಕೇಂದ್ರದವರೂ ವಿಜ್ಞಾನಿಗಳೂ ಕೂಡಿ ಅಳೆದ ಲೆಕ್ಕ 2012ರಲ್ಲಿ ಪ್ರಕಟವಾಯಿತು. ಅಷ್ಟರಲ್ಲಿ ಅವರು ತೊಟ್ಟಿಗೆ ಆಮ್ಲ ತಗ್ಗಿಸುವ ಸೋಡಿಯಂ ಕಾರ್ಬೊನೇಟ್ ಬೆರೆಸಿ ಮರಿಗಳನ್ನು ಉಳಿಸಿಕೊಳ್ಳಲು ಕಲಿತಿದ್ದರು.

ಕಡಲು ನಮ್ಮ ಹೊಗೆಯ ಇಂಗಾಲದ ಡೈಆಕ್ಸೈಡನ್ನು ನುಂಗುತ್ತದೆ ಎಂಬುದು ಹಳೆಯ ವಿಷಯ. 1957ರಲ್ಲೇ ವಿಜ್ಞಾನಿಗಳಾದ ರೋಜರ್ ರೆವೆಲ್ ಮತ್ತು ಹ್ಯಾನ್ಸ್ ಸ್ಯೂಸ್ ಅದರ ಲೆಕ್ಕ ಹಾಕಿದ್ದರು. ಆಗಿನ ಪ್ರಶ್ನೆ ಗಾಳಿಯಲ್ಲಿ ಎಷ್ಟು ಉಳಿಯುತ್ತದೆ ಎಂಬುದು. ನುಂಗಿದ ಕಡಲಿಗೆ ಏನಾಗುತ್ತದೆ ಎಂಬುದರ ಮೇಲೆ ಗಮನ ಬಿದ್ದದ್ದು ತೀರ ತಡವಾಗಿ. 2003ರಲ್ಲಿ ಕೆನ್ ಕಾಲ್ಡೀರಾ ಮತ್ತು ಮೈಕೆಲ್ ವಿಕೆಟ್, ಕಡಲು ಆಮ್ಲದ ಕಡೆಗೆ ವಾಲುತ್ತಿದೆ ಎಂದು ಎಚ್ಚರಿಸಿದರು. 2005ರಲ್ಲಿ ಲಂಡನ್ನಿನ ವಿಜ್ಞಾನ ಸಂಸ್ಥೆ ರಾಯಲ್ ಸೊಸೈಟಿ ಈ ಬಗ್ಗೆ ವರದಿ ತಂದಿತು. ಕೈಗಾರಿಕಾ ಯುಗಕ್ಕೆ ಮೊದಲು ಸುಮಾರು 8.2 ಇದ್ದ ಮೇಲ್ಮೈ ನೀರಿನ ಪಿಎಚ್ (ಆಮ್ಲದ ಅಳತೆ; ಇಳಿದಷ್ಟೂ ಆಮ್ಲ ಹೆಚ್ಚು) 8.1ಕ್ಕೆ ಇಳಿದಿದೆ. ನೋಡಲು ಅಲ್ಪ, ಹೈಡ್ರೋಜನ್ ಅಯಾನುಗಳ ಲೆಕ್ಕದಲ್ಲಿ ಶೇ 30ರ ಆಸುಪಾಸಿನ ಏರಿಕೆ.

ಈ ಏರಿಕೆಯ ಪೆಟ್ಟು ಎಳೆಯ ಜೀವಕ್ಕೆ ಮೊದಲು. ಕರಾವಳಿಯಲ್ಲಿ ಸುಟ್ಟು ಎಲೆಗೆ ಹಚ್ಚುವ ಸುಣ್ಣ ಮಾಡುವ ಚಿಪ್ಪೆಲ್ಲ ಕ್ಯಾಲ್ಸಿಯಂ ಕಾರ್ಬೊನೇಟ್. ಹೆಚ್ಚಿದ ಹೈಡ್ರೋಜನ್ ಅಯಾನುಗಳು ನೀರಿನ ಕಾರ್ಬೊನೇಟನ್ನು ಹಿಡಿದುಕೊಂಡುಬಿಡುತ್ತವೆ, ಚಿಪ್ಪು ಕಟ್ಟಲು ಸಾಮಗ್ರಿ ಸಾಲದು. ಪೆಸಿಫಿಕ್ ಸಿಂಪಿಯ ಲಾರ್ವಾ ಹುಟ್ಟಿದ 48 ಗಂಟೆಯೊಳಗೆ ತನ್ನ ತೂಕದ ಶೇ 90ರಷ್ಟನ್ನು ಚಿಪ್ಪಾಗಿ ಕಟ್ಟಬೇಕು. ಬಾಯಿ ಇನ್ನೂ ಕೆಲಸಕ್ಕೆ ಬಂದಿರುವುದಿಲ್ಲ; ತತ್ತಿಯಲ್ಲಿ ತಾಯಿ ಇಟ್ಟ ಕೊಬ್ಬೇ ಬುತ್ತಿ. ನೀರು ಪ್ರತಿಕೂಲವಾದರೆ ಆ ಬುತ್ತಿ ಚಿಪ್ಪಿಗೇ ಖರ್ಚಾಗಿ, ಈಜಲು, ಉಣ್ಣಲು ತ್ರಾಣ ಉಳಿಯದು. ದೊಡ್ಡ ಸಿಂಪಿ ಅದೇ ನೀರನ್ನು ಹೇಗೋ ತಾಳಿಕೊಳ್ಳಬಲ್ಲದು.

ಸಿಂಪಿ ಒಂದೇ ಅಲ್ಲ. ಮೈತುಂಬ ಮುಳ್ಳಿರುವ ಕಡಲಜೀವಿ ಸೀ ಅರ್ಚಿನ್‌ನ ಲಾರ್ವಾಗಳು ಇಂಥ ನೀರಿನಲ್ಲಿ ಗಿಡ್ಡವಾಗಿ, ನಿಧಾನವಾಗಿ ಬೆಳೆಯುವುದನ್ನು ಜಪಾನಿನ ಹಾರುಕೊ ಕುರಿಹಾರಾ ಮೊದಲಾದವರು ತೋರಿಸಿದರು. ನಿಧಾನವೆಂದರೆ ಮೀನಿನ ಬಾಯಿಗೆ ಸಿಗುವ ದಿನಗಳು ಹೆಚ್ಚು. 2008ರ ಒಂದು ಪ್ರಯೋಗದಲ್ಲಿ ಪಿಎಚ್ 0.2ರಷ್ಟು ಇಳಿದದ್ದಕ್ಕೇ, ನಕ್ಷತ್ರಮೀನಿನ ಬಳಗದ ಬ್ರಿಟಲ್ ಸ್ಟಾರ್ ಜಾತಿಯೊಂದರ ಲಾರ್ವಾಗಳು ಎಂಟು ದಿನದಲ್ಲಿ ಒಂದೂ ಉಳಿಯದೆ ಸತ್ತವು. ಎಲ್ಲ ಜಾತಿಗಳೂ ಇಷ್ಟು ಸೂಕ್ಷ್ಮವಲ್ಲ, ನಿಜ.

ಇದು ಹುಬ್ಬಳ್ಳಿ-ಧಾರವಾಡಕ್ಕೆ ದೂರದ ಸುದ್ದಿಯಲ್ಲ. ಧಾರವಾಡದ ಸೋಮೇಶ್ವರದಲ್ಲಿ ಹುಟ್ಟುವ ಶಾಲ್ಮಲಾ, ಹುಬ್ಬಳ್ಳಿ ಕಡೆಯ ಬೇಡ್ತಿಯನ್ನು ಕೂಡಿ, ಗಂಗಾವಳಿಯೆಂಬ ಹೆಸರಿನಲ್ಲಿ ಅಂಕೋಲಾ ತಾಲ್ಲೂಕಿನಲ್ಲಿ ಅರಬ್ಬೀ ಸಮುದ್ರ ಸೇರುತ್ತದೆ. ಊರಿನ ಕೊಳಚೆಯೂ ನಾಲೆ ಹಿಡಿದು ಬೇಡ್ತಿಗೆ ಇಳಿಯುತ್ತದೆ. ಕೊಳಚೆ ಮತ್ತು ಹೊಲದ ಗೊಬ್ಬರ ಅಳಿವೆಯಲ್ಲಿ ಪಾಚಿ ಬೆಳೆಸುತ್ತವೆ. ಪಾಚಿ ಕೊಳೆತಾಗ ಮತ್ತಷ್ಟು ಇಂಗಾಲದ ಡೈಆಕ್ಸೈಡ್. ಮುಂಗಾರಿನಲ್ಲಿ ನಮ್ಮ ಪಶ್ಚಿಮ ಕರಾವಳಿಗೂ ಆಮ್ಲಜನಕ ಕಡಿಮೆಯಿರುವ, ಇಂಗಾಲದ ಡೈಆಕ್ಸೈಡ್ ಹೆಚ್ಚಿರುವ ಆಳದ ನೀರು ಏರಿ ಬರುತ್ತದೆ. ಮೇಲಿನಿಂದ ಮಳೆನೀರು ಸೇರಿ ಆಮ್ಲವನ್ನು ತಡೆಯುವ ಕ್ಷಾರತೆಯೂ ತೆಳುವಾಗುತ್ತದೆ. ಬೆಳಚು, ನೀಲಿಕಲ್ಲು ಎಂಬ ಚಿಪ್ಪುಜೀವಿಗಳನ್ನು ಹೆಕ್ಕಿ ಬದುಕುವ ಕರಾವಳಿಯ ಹೆಣ್ಣುಮಕ್ಕಳ ದುಡಿಮೆ ನಿಂತಿರುವುದು ಇಂಥ ನೀರಿನಲ್ಲೇ.

ಜಗತ್ತಿನ ಹೊಗೆಯನ್ನು ನಾವಷ್ಟೇ ತಗ್ಗಿಸಲಾಗದು. ಬೇಡ್ತಿಗೆ ಬೀಳುವ ಕೊಳಚೆಯನ್ನು ಸಂಸ್ಕರಿಸುವುದು ಮಾತ್ರ ಪೂರ್ತಿ ನಮ್ಮ ಕೈಯಲ್ಲಿದೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಸಾಗರ ಜೀವಶಾಸ್ತ್ರ ವಿಭಾಗ ಕಾರವಾರದ ಕೋಡಿಬಾಗದಲ್ಲೇ ಇದೆ. ಗಂಗಾವಳಿ ಅಳಿವೆಯ ನೀರನ್ನು ಮಳೆಗಾಲದುದ್ದಕ್ಕೂ, ವರ್ಷ ತಪ್ಪದಂತೆ ಅಳೆಯಲು ಅಲ್ಲಿಗೆ ಹಣ, ಉಪಕರಣ ಸಿಗಬೇಕು. ಪಿಎಚ್ ಒಂದನ್ನೇ ಬರೆದಿಟ್ಟರೆ ಸಾಲದು. ಕ್ಷಾರತೆ, ಉಪ್ಪಿನಂಶ, ಉಷ್ಣತೆಯನ್ನೂ ಜೊತೆಗೆ ಅಳೆದಾಗಲೇ ಲಾರ್ವಾಕ್ಕೆ ಚಿಪ್ಪು ಕಟ್ಟಲು ಎಷ್ಟು ಕಾರ್ಬೊನೇಟ್ ಉಳಿದಿದೆ ಎಂದು ಲೆಕ್ಕ ಹಾಕಲಾಗುವುದು.