ಐತಿಹಾಸಿಕ ಸಾಹಸ ಕಥೆಯ ನಾಯಕಿ: ಗೇರುಸೊಪ್ಪೆಯನ್ನು ಮುಂದಿಟ್ಟುಕೊಂಡು ಒಂದು ಟಿಪ್ಪಣಿ

ಎಳೆಯರ ಐತಿಹಾಸಿಕ ಸಾಹಸ ಕಥೆಯಲ್ಲಿ ನಾಯಕಿ ಗಟ್ಟಿಗಿತ್ತಿ ಎಂದು ತೋರಿಸಲು ಅವಳ ಕೈಗೆ ಕತ್ತಿ ಕೊಟ್ಟು ಕುದುರೆ ಹತ್ತಿಸುವುದು ಸುಲಭದ ದಾರಿ. ಆದರೆ ಅವಳ ಕಾಲ ಮತ್ತು ಊರು ಅವಳಿಗೆ ಕಲಿಸಿರಬಹುದಾದ ವಿದ್ಯೆಯಿಂದಲೇ ಆಪತ್ತು ದಾಟಿದಾಗ ಓದುವ ಮಗು ಅವಳನ್ನು ಹೆಚ್ಚು ನಂಬುತ್ತದೆ.

ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಇಂಥ ಕಥೆಗೆ ಮೊದಲು ನೆನಪಾಗುವವಳು ಶರಾವತಿ ತೀರದ ಗೇರುಸೊಪ್ಪೆಯಿಂದ ಆಳಿದ ಜೈನ ರಾಣಿ ಚೆನ್ನಭೈರಾದೇವಿ. ಅವಳ ಆಳ್ವಿಕೆಯನ್ನು ಸಾಮಾನ್ಯವಾಗಿ 1552ರಿಂದ 1606ರವರೆಗೆ ಎಂದು ಗುರುತಿಸುತ್ತಾರೆ. ಘಟ್ಟದ ಕಾಳುಮೆಣಸು ಅವಳ ಬಂದರುಗಳ ಮೂಲಕ ಹೊರದೇಶಗಳಿಗೆ ಹೋಗುತ್ತಿದ್ದುದರಿಂದ ಪೋರ್ಚುಗೀಸರು ಅವಳನ್ನು ಮೆಣಸಿನ ರಾಣಿ ಎಂದೇ ಕರೆದರು. ಹಾಗೆಂದು ರಾಣಿಯನ್ನೇ ನಾಯಕಿಯಾಗಿಸುವುದು ನನಗೆ ಸರಿಕಾಣುವುದಿಲ್ಲ, ಏಕೆಂದರೆ ಅವಳ ಕೊನೆ ಗೊತ್ತಿರುವಂಥದ್ದು, ಮತ್ತು ಅವಳ ಬಾಯಿಗೆ ನಾವು ತುರುಕುವ ಪ್ರತಿ ಮಾತೂ ದಾಖಲೆಯಂತೆ ಮಗುವಿನ ಮನಸ್ಸಿನಲ್ಲಿ ಉಳಿದುಬಿಡುತ್ತದೆ. ರಾಣಿ ದೂರದಲ್ಲಿರಲಿ, ಕಥೆ ನಡೆಸಲು ಅಘನಾಶಿನಿ ದಡದ, ದೋಣಿಯವರ ಮನೆಯ ಹದಿಮೂರರ ಹುಡುಗಿಯೊಬ್ಬಳನ್ನು ಕಲ್ಪಿಸಿಕೊಳ್ಳೋಣ.

ಅವಳಿಗೆ ಅಕ್ಷರ ಬಾರದಿರಬಹುದು, ಆದರೆ ತಿಥಿ ಮತ್ತು ನೀರಿನ ಲೆಕ್ಕ ಬರುತ್ತದೆ. ಉಬ್ಬರ ದಿನದಿಂದ ದಿನಕ್ಕೆ ಸುಮಾರು ಐವತ್ತು ನಿಮಿಷ ತಡವಾಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ನೀರು ಹೆಚ್ಚು ಏರಿ ಹೆಚ್ಚು ಇಳಿದರೆ, ಅಷ್ಟಮಿಯ ಹೊತ್ತಿಗೆ ಆ ಏರಿಳಿತ ತಗ್ಗುತ್ತದೆ. ಮೆಣಸಿನ ಮೂಟೆ ಹೇರಿದ ಭಾರದ ದೋಣಿಯೊಂದು ಅಷ್ಟಮಿಯಂದು ಅಳಿವೆಯ ಮರಳದಿಬ್ಬ ದಾಟಲಾರದೆಂದು ಅವಳಿಗೆ ತಿಳಿದಿದೆ, ಬೆನ್ನಟ್ಟಿ ಬರುವ ಪರಊರಿನವರಿಗೆ ತಿಳಿದಿಲ್ಲ. ಅವಳು ಹಗುರ ಪಾತಿದೋಣಿಯಲ್ಲಿ ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ನಡುವಿನ ಕಿರುಗಾಲುವೆ ಹಿಡಿದು, ಸುದ್ದಿಯೊಂದನ್ನು ಹೊತ್ತು ರಾಣಿಯ ಮಿರ್ಜಾನ್ ಕೋಟೆಯತ್ತ ಸಾಗುತ್ತಾಳೆ, ಅವರು ಕೆಸರಿನಲ್ಲಿ ಹುಟ್ಟು ಊರುತ್ತಾ ಮುಂದಿನ ಉಬ್ಬರಕ್ಕೆ ಕಾಯುತ್ತಾರೆ. ಸಾಹಸಕ್ಕೆ ಬೇಕಾದದ್ದೆಲ್ಲ ಇಲ್ಲಿದೆ, ಕತ್ತಿ ಬೇಕಾಗಲಿಲ್ಲ.

ಕಾಲದ ಕಟ್ಟುಪಾಡನ್ನೂ ಹೀಗೆಯೇ ದುಡಿಸಿಕೊಳ್ಳಬೇಕು. ಆಷಾಢದ ಕಡಲಿನಲ್ಲಿ ಹಾಯಿ ಹಡಗುಗಳನ್ನು ಓಡಿಸಿದರೆ ಕರಾವಳಿಯ ಯಾವ ಮಗುವೂ ನಗುತ್ತದೆ; ಅಂಥ ಬೆನ್ನಟ್ಟುವಿಕೆ ಮಳೆ ನಿಂತ ಮೇಲೆಯೇ ನಡೆಯಬೇಕು. ಅಡುಗೆಮನೆಯಲ್ಲಿ ಚಹಾ ಕುದಿಸುವುದೂ ಬೇಡ, ಅದು ಆಗಿನ್ನೂ ನಮ್ಮ ಮನೆಗಳಿಗೆ ಬಂದಿರಲಿಲ್ಲ.

ಇನ್ನು ಖಳರ ವಿಚಾರ. ಪೋರ್ಚುಗೀಸರನ್ನಷ್ಟೇ ದುಷ್ಟರನ್ನಾಗಿಸಿ ಕಥೆ ಮುಗಿಸುವ ಆಸೆ ಬಲವಾದದ್ದು, ಆದರೆ ರಾಣಿಯ ರಾಜ್ಯವನ್ನು ಕೊನೆಗೆ ಗೆದ್ದವರು ಕನ್ನಡನಾಡಿನವರೇ ಆದ ಕೆಳದಿಯ ನಾಯಕರು. ಸೆರೆಸಿಕ್ಕ ರಾಣಿ ಅವರ ರಾಜಧಾನಿ ಇಕ್ಕೇರಿಯಲ್ಲಿ ತೀರಿಕೊಂಡಳೆಂದು ಹೇಳುತ್ತಾರೆ. ಹದಿಮೂರರ ಓದುಗರು ಇದನ್ನು ತಾಳಿಕೊಳ್ಳಬಲ್ಲರು. ನಮ್ಮ ದೋಣಿ ಹುಡುಗಿಯ ಸೋದರಮಾವ ಇಕ್ಕೇರಿಯ ದಂಡಿನಲ್ಲಿ ಸಂಬಳಕ್ಕೆ ಸೇರಿದ್ದಾನೆಂದು ಇಟ್ಟುಕೊಂಡರೆ, ಮಿರ್ಜಾನಿಗೆ ಒಯ್ಯುವ ಸುದ್ದಿಯನ್ನು ಅವನಿಗೆ ಹೇಳಬೇಕೇ ಬೇಡವೇ ಎಂಬ ಪ್ರಶ್ನೆಯೇ ಮುಂದಿನ ಅಧ್ಯಾಯವನ್ನು ನಡೆಸುತ್ತದೆ.