ಡಿಬೇಟ್‌ನಲ್ಲಿ ಎಷ್ಟು ಸ್ಪೀಡಾಗಿ ಮಾತಾಡಬೇಕು?

ತರಬೇತಿಗೆ ಬರುವ ಮಕ್ಕಳು ಬೇಗನೆ ಕೇಳಿಬಿಡುವ ಪ್ರಶ್ನೆ ಇದು. ನನ್ನ ಉತ್ತರ ಯಾವಾಗಲೂ ಒಂದೇ. ತೀರ್ಪುಗಾರರು ಬರೆದುಕೊಳ್ಳುವಷ್ಟು ಸ್ಪೀಡು, ಅದಕ್ಕಿಂತ ಜಾಸ್ತಿ ಬೇಡ.

ತೀರ್ಪುಗಾರರ ಹಾಳೆ ಹೇಗಿರುತ್ತದೆ ಅಂತ ತುಂಬಾ ಮಕ್ಕಳು ನೋಡಿಯೇ ಇರುವುದಿಲ್ಲ. ತೀರ್ಪುಗಾರರಾಗಿ ಕೂತಾಗ ನಾವು ಉದ್ದುದ್ದ ಕಾಲಂ ಹಾಕಿಕೊಂಡಿರುತ್ತೇವೆ, ಒಬ್ಬೊಬ್ಬರ ಭಾಷಣಕ್ಕೆ ಒಂದೊಂದು. ಪರ ತಂಡದ ವಾದ ಒಂದು ಕಡೆ, ಅದಕ್ಕೆ ವಿರೋಧ ತಂಡ ಕೊಟ್ಟ ಉತ್ತರ ಪಕ್ಕದಲ್ಲಿ, ಎರಡಕ್ಕೂ ನಡುವೆ ಬಾಣದ ಗುರುತು. ಇದಕ್ಕೆ ಫ್ಲೋ ಅಂತಾರೆ. ಈಗ 'ಹೋಮ್‌ವರ್ಕ್ ರದ್ದಾಗಬೇಕು' ಅನ್ನುವ ವಿಷಯಕ್ಕೆ ಒಬ್ಬ ಹುಡುಗಿ ಒಂದೇ ನಿಮಿಷದಲ್ಲಿ ಐದು ಕಾರಣ ಹೇಳಿ ಮುಗಿಸಿದಳು ಅಂದುಕೊಳ್ಳಿ. ನನ್ನ ಹಾಳೆಯಲ್ಲಿ ಮೊದಲನೆಯದು ಪೂರ್ತಿ ಇರುತ್ತದೆ: 'ನಿದ್ದೆ ಕಡಿಮೆ, ಮರುದಿನ ಕ್ಲಾಸಲ್ಲಿ ಗಮನ ಇಲ್ಲ.' ಎರಡನೆಯದು ಅರ್ಧ: 'ಮನೆಯಲ್ಲಿ ಸಹಾಯ ಸಿಗದ ಮಕ್ಕಳು...' ಮೂರನೆಯದರಲ್ಲಿ ಬರೀ 'ಟೀಚರ್?' ಅಂತ ಒಂದು ಪದ. ನಾಲ್ಕು ಖಾಲಿ. ಐದನೆಯದು ಎರಡೇ ಪದ, ಯಾಕೆಂದರೆ ನಾನಿನ್ನೂ ಮೂರನೆಯದು ಏನಿತ್ತು ಅಂತ ಯೋಚಿಸುತ್ತಿರುತ್ತೇನೆ. ಅವಳ ಲೆಕ್ಕದಲ್ಲಿ ಐದು ವಾದ, ನನ್ನ ಹಾಳೆಯಲ್ಲಿ ಒಂದೂವರೆ. ತೀರ್ಪು ಕೊಡುವಾಗ ನನ್ನ ಮುಂದೆ ಇರುವುದು ಆ ಹಾಳೆ ಮಾತ್ರ.

'ಹಾಗಾದರೆ ಅಮೆರಿಕದ ವಿಡಿಯೋಗಳಲ್ಲಿ ಅವರು ಆ ಪಾಟಿ ಓಡಿಸ್ತಾರಲ್ಲ?' ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ಅದು ಪಾಲಿಸಿ ಡಿಬೇಟ್ ಅನ್ನುವ ಅಲ್ಲಿನ ಒಂದು ಸ್ಪರ್ಧಾ ಮಾದರಿ, ಹಾಗೆ ಓಡಿಸುವ ಶೈಲಿಯ ಹೆಸರು ಸ್ಪ್ರೆಡಿಂಗ್. ಇಂಗ್ಲಿಷ್‌ನಲ್ಲಿ ಮಾಮೂಲಿ ಮಾತು ನಿಮಿಷಕ್ಕೆ ಸುಮಾರು 150 ಪದ ಇದ್ದರೆ, ಅಲ್ಲಿ ಪಳಗಿದವರು 300 ದಾಟುತ್ತಾರೆ. ಅದಕ್ಕೆ ಕಾರಣವೂ ಇದೆ. ಎದುರಾಳಿ ಉತ್ತರ ಕೊಡದೆ ಬಿಟ್ಟ ವಾದವನ್ನು ಅವರು ಒಪ್ಪಿಕೊಂಡರು ಅಂತಲೇ ಅಲ್ಲಿ ಲೆಕ್ಕ. ಹಾಗಿರುವಾಗ ಸಮಯ ಸಿಕ್ಕಷ್ಟೂ ವಾದ ಸುರಿಯುವುದೇ ಲಾಭ, ಅಲ್ವಾ? ತೀರ್ಪುಗಾರರಲ್ಲಿ ಎಷ್ಟೋ ಜನ ಹಳೆ ಡಿಬೇಟರ್‌ಗಳೇ ಆಗಿರುವುದರಿಂದ ಕಿವಿ ಪಳಗಿರುತ್ತದೆ, ಓದುವ ಪುರಾವೆಯ ಪ್ರತಿ ಇಮೇಲ್‌ನಲ್ಲಿ ಕೈಗೆ ಬಂದಿರುತ್ತದೆ, ಮಾತು ತಿಳಿಯದಿದ್ದರೆ ಮಧ್ಯದಲ್ಲೇ 'ಕ್ಲಿಯರ್' ಅಂತ ಕೂಗುತ್ತಾರೆ. ಆ ಆಟಕ್ಕೆ ಆ ವೇಗ ಹೊಂದುತ್ತದೆ, ನಾನು ಅದನ್ನು ಬೈಯುವುದಿಲ್ಲ. ಆದರೆ ಅದನ್ನು ಎತ್ತಿಕೊಂಡು ಬಂದು ಬೇರೆ ಸ್ಪರ್ಧೆಯಲ್ಲಿ ಆಡಬೇಡಿ. ಅದೇ ದೇಶದಲ್ಲಿ 2002ರಲ್ಲಿ ಪಬ್ಲಿಕ್ ಫೋರಂ ಅನ್ನುವ ಬೇರೆ ಮಾದರಿ ಶುರುವಾಯಿತು, ಡಿಬೇಟ್‌ನ ಗಂಧಗಾಳಿ ಇಲ್ಲದವರೂ ಕೂತು ಕೇಳಿ ತೀರ್ಪು ಕೊಡುವಂತಿರಬೇಕು ಅಂತ. ಶಾಲಾ ಮಕ್ಕಳ ಅಂತರರಾಷ್ಟ್ರೀಯ ಸ್ಪರ್ಧೆಯ ವರ್ಲ್ಡ್ ಸ್ಕೂಲ್ಸ್ ಮಾದರಿಯಲ್ಲಿ 100ಕ್ಕೆ 40 ಅಂಕ ಶೈಲಿಗೇ ಮೀಸಲು, ಅಂದರೆ ವಿಷಯಕ್ಕೆ ಇರುವಷ್ಟೇ.

ನನ್ನ ಪ್ರಕಾರ ಸ್ಪೀಡು ಬಾಯಿಯ ಸಮಸ್ಯೆಯೇ ಅಲ್ಲ. ತಯಾರಿಯಲ್ಲಿ ಕತ್ತರಿ ಹಾಕದೆ ಇದ್ದದ್ದು ವೇದಿಕೆ ಮೇಲೆ ಸ್ಪೀಡಾಗಿ ಹೊರಗೆ ಬರುತ್ತದೆ. ಒಬ್ಬ ವಿದ್ಯಾರ್ಥಿ ಬರೆದು ತಂದ ಸಾಲು ನೋಡಿ: 'ಮಾನ್ಯ ತೀರ್ಪುಗಾರರೇ, ನನ್ನ ಮುಂದಿನ ಅತ್ಯಂತ ಮುಖ್ಯವಾದ ವಾದ ಏನೆಂದರೆ, ಇಂದಿನ ಸಮಾಜದಲ್ಲಿ ನಾವೆಲ್ಲರೂ ಗಮನಿಸಲೇಬೇಕಾದ ಅಂಶವೆಂದರೆ, ಮನೆಯಲ್ಲಿ ಸಹಾಯ ಸಿಗದ ಮಕ್ಕಳಿಗೆ ಹೋಮ್‌ವರ್ಕ್ ಎನ್ನುವುದು ಅನ್ಯಾಯ ಮಾಡುತ್ತದೆ.' ಇದನ್ನು 'ಎರಡನೇ ವಾದ. ಮನೆಯಲ್ಲಿ ಹೇಳಿಕೊಡುವವರಿಲ್ಲದ ಮಗುವಿಗೆ ಹೋಮ್‌ವರ್ಕ್ ಅನ್ಯಾಯ' ಅಂತ ಮಾಡಿದೆವು. ಉಳಿದ ಸಮಯದಲ್ಲಿ ಅವನು ಒಂದು ಕ್ಷಣ ಸುಮ್ನೆ ನಿಲ್ಲಬಹುದು. ಆ ಒಂದು ಕ್ಷಣದಲ್ಲೇ ತೀರ್ಪುಗಾರರು ಆ ಸಾಲನ್ನು ಬರೆದುಕೊಳ್ಳುವುದು.

ಇಡೀ ಭಾಷಣ ನಿಧಾನ ಇರಬೇಕು ಅಂತಲೂ ಅಲ್ಲ, ಅದೂ ನಿದ್ದೆ ತರಿಸುತ್ತದೆ. ವಾದದ ಹೆಸರು ಹೇಳುವಾಗ ನಿಧಾನ, ಉದಾಹರಣೆ ಕೊಡುವಾಗ ಸ್ವಲ್ಪ ಓಡಿದರೂ ಪರವಾಗಿಲ್ಲ, ಅಂಕಿ ಬಂದರೆ ಮತ್ತೆ ನಿಧಾನ. 'ಅವರ ವಾದಕ್ಕಿಂತ ನಮ್ಮದು ಯಾಕೆ ಮುಖ್ಯ' ಅನ್ನುವ ಜಾಗಕ್ಕೆ ಬಂದಾಗ ಎಲ್ಲಕ್ಕಿಂತ ನಿಧಾನ, ಯಾಕೆಂದರೆ ಎಷ್ಟೋ ಸಲ ಸೋಲು ಗೆಲುವು ಅಲ್ಲೇ ತೀರ್ಮಾನ ಆಗುತ್ತದೆ. ಕನ್ನಡದಲ್ಲಿ ಮಾತಾಡುವವರು ಇನ್ನೊಂದು ಎಚ್ಚರ ಇಟ್ಟುಕೊಳ್ಳಬೇಕು. ನಮ್ಮ ವಾಕ್ಯದಲ್ಲಿ ಹೌದೋ ಅಲ್ಲವೋ ಅನ್ನುವುದು ಬರುವುದೇ ಕೊನೆಯಲ್ಲಿ. 'ನಿಷೇಧ ಮಾಡಬೇಕು', 'ನಿಷೇಧ ಮಾಡಬಾರದು', ಎರಡಕ್ಕೂ ವ್ಯತ್ಯಾಸ ಇರುವುದು ಬಾಲದಲ್ಲಿ. ಅವಸರದಲ್ಲಿ ಮೊದಲು ನುಂಗಿಹೋಗುವುದೂ ಆ ಬಾಲವೇ. ಹುಡುಗರು ಮುಂದಿನ ವಾಕ್ಯಕ್ಕೆ ಉಸಿರು ಎಳೆದುಕೊಳ್ಳುವ ಭರದಲ್ಲಿ ಕ್ರಿಯಾಪದವನ್ನು ಅರ್ಧಕ್ಕೇ ಬಿಡುತ್ತಾರೆ, ನಾವು ಅವರ ಮುಖ ನೋಡಿ ಅರ್ಥ ಊಹಿಸಬೇಕು.

ಉಸಿರಿಗೆ ನಾನು ಹೇಳುವ ಉಪಾಯ ತುಂಬಾ ಸರಳ. ಬರೆದ ಹಾಳೆಯಲ್ಲಿ ಎಲ್ಲಿ ಉಸಿರು ತೆಗೆದುಕೊಳ್ಳಬೇಕೋ ಅಲ್ಲಿ ಒಂದು ಓರೆಗೀಟು ಎಳೆಯಿರಿ. ಗೀಟು ವಾಕ್ಯದ ಮಧ್ಯೆ ಬಂತೋ, ಆ ವಾಕ್ಯ ಉದ್ದವಾಯಿತು ಅಂತ ಅರ್ಥ, ಎರಡು ಮಾಡಿ. ಬಾಯಲ್ಲಿ ಪೆನ್ನು ಕಚ್ಚಿಕೊಂಡು ಓದುವ ಅಭ್ಯಾಸವನ್ನು ಕೆಲವರು ಮಾಡಿಸುತ್ತಾರೆ. ನನಗೆ ಅದು ಅಷ್ಟಾಗಿ ಹಿಡಿಸಿಲ್ಲ, ದವಡೆ ಬಿಗಿಯಾಗುತ್ತದೆ. ಅದರ ಬದಲು ಫೋನಿನಲ್ಲಿ ಒಂದು ನಿಮಿಷ ರೆಕಾರ್ಡ್ ಮಾಡಿ ವಿಷಯ ಗೊತ್ತಿಲ್ಲದ ಒಬ್ಬ ಗೆಳೆಯನಿಗೆ ಕೇಳಿಸಿ, ಅವನ ಕೈಗೆ ಪೆನ್ನು ಕೊಡಿ. ಅವನು ಏನು ಬರೆದನೋ ನಿಮ್ಮ ಭಾಷಣ ಅಷ್ಟೇ.

ಇನ್ನು ಕೊನೆಯ ನಿಮಿಷ. ಬ್ರಿಟಿಷ್ ಪಾರ್ಲಿಮೆಂಟರಿ ಅನ್ನುವ ಡಿಬೇಟ್ ಮಾದರಿಯಲ್ಲಿ ಭಾಷಣ 7 ನಿಮಿಷ, 6ನೇ ನಿಮಿಷಕ್ಕೆ ಒಂದು ಸೂಚನೆ ಬರುತ್ತದೆ. ಅದು ಕೇಳಿದ ತಕ್ಷಣ ಎಷ್ಟೋ ಮಕ್ಕಳ ದನಿ ಮೇಲೇರಿ, ಉಳಿದ ಎರಡು ಪಾಯಿಂಟನ್ನೂ ತುರುಕಲು ಹೋಗುತ್ತಾರೆ. ಬೇಡ. ಅದರಲ್ಲಿ ಒಂದನ್ನು ಅಲ್ಲೇ ಕೈಬಿಡಿ, ಯಾವುದನ್ನು ಬಿಡಬೇಕು ಅಂತ ಮನೆಯಲ್ಲೇ ತೀರ್ಮಾನಿಸಿ ಹಾಳೆಯಲ್ಲಿ ಗುರುತು ಹಾಕಿಕೊಂಡು ಬನ್ನಿ.